ಬೇರು ತೋರಿಸಿದವರಿಗೆ ಊಟ

ಸಿಂಗಾಪುರದ ಪುಂಗೋಲ್‌ನಲ್ಲಿ ನಮ್ಮ ಬ್ಲಾಕಿನ ಕೆಳಗೆ ಆಗಾಗ ಹುಲ್ಲು ಕತ್ತರಿಸುವವರು ಬರುತ್ತಾರೆ. ಅವರ ಯಂತ್ರದ ಗುಂಯ್‌ಗುಡುವ ಸದ್ದು ಕೇಳಿಸಿದ್ದೇ ತಡ, ಅಕ್ಕಪಕ್ಕದ ಮನೆಗಳ ಕಿಟಕಿಗಳು ಪಟಪಟನೆ ಮುಚ್ಚಿಕೊಳ್ಳುತ್ತವೆ. ನಮ್ಮ ಮನೆಯದು ಮಾತ್ರ ಅಗಲವಾಗಿ ತೆರೆದುಕೊಳ್ಳುತ್ತದೆ. “ಅಮ್ಮಾ, ಡಸ್ಟ್ ಎಲ್ಲಾ ಒಳಗೆ ಬರತ್ತೆ ಲಾ, ಕ್ಲೋಸ್ ಮಾಡು” ಎಂದು ಮಗಳು ನಿಧಿ ಇಲ್ಲಿಯವರ ‘ಲಾ’ ಸೇರಿಸಿ ಗೊಣಗುತ್ತಾಳೆ. ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹನ್ನೊಂದನೆಯ ಮಹಡಿಯ ತನಕ ಏರಿ ಬರುವ ಆ ಹಸಿ ವಾಸನೆಯನ್ನು ಎದೆ ತುಂಬ ಎಳೆದುಕೊಳ್ಳುತ್ತೇನೆ. ಆದರೆ ಅದು ಅರ್ಧ ವಾಸನೆ. ಇನ್ನರ್ಧ ಇಲ್ಲಿ ಯಾವತ್ತೂ ಬರುವುದಿಲ್ಲ. ಬಿಸಿಲಿಗೆ ಒಣಗಿ, ಹಳದಿಯಾಗಿ, ಗಾಳಿಗೆ ಸರಸರ ಎನ್ನುವ ಹುಲ್ಲಿನ ಬೆಚ್ಚನೆಯ ವಾಸನೆ ಅದು. ಸಿಂಗಾಪುರದಲ್ಲಿ ಹುಲ್ಲಿಗೆ ಹಣ್ಣಾಗುವ ಯೋಗವಿಲ್ಲ. ವರ್ಷವಿಡೀ ಮಳೆ, ವರ್ಷವಿಡೀ ಹಸಿರು. ಕೂದಲು ಬೆಳೆದ ಹುಡುಗನನ್ನು ಹಿಡಿದು ಕ್ಷೌರಕ್ಕೆ ಕೂರಿಸಿದ ಹಾಗೆ, ತುಸು ಉದ್ದವಾದರೆ ಸಾಕು, ಅದರ ತಲೆ ಬೋಳಿಸಿಬಿಡುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಈ ಅರ್ಧ ವಾಸನೆಯಲ್ಲೇ ನಾನು ನಮ್ಮ ಕಾವಲನ್ನು ನೆನೆಸಿಕೊಂಡು ಬಂದಿದ್ದೇನೆ. ಆದರೆ ಅದು ಹೇಗಿದೆ, ಇದೆಯೋ ಇಲ್ಲವೋ ಎಂದು ಯಾರನ್ನೂ ಕೇಳಿರಲಿಲ್ಲ. ಫೋನಿನಲ್ಲಿ ಮ್ಯಾಪ್ ತೆರೆದು ನೋಡುವ ಧೈರ್ಯವೂ ಆಗಿರಲಿಲ್ಲ. ಯಾಕೆಂದರೆ ಆ ಕಾವಲು ಹಾಳಾಗಿದ್ದರೆ, ಹಾಳು ಮಾಡಿದವಳು ನಾನೇ.

ಕಾವಲು ಎಂದರೆ ನಮ್ಮ ಕಡೆ ಹುಲ್ಲುಗಾವಲು. ಅರಸೀಕೆರೆಯಿಂದ ಕಡೂರಿನ ಕಡೆ ಹೋಗುವಾಗ ತೆಂಗಿನ ತೋಟಗಳೆಲ್ಲ ಹಿಂದೆ ಸರಿದು, ಇದ್ದಕ್ಕಿದ್ದಂತೆ ಆಕಾಶ ದೊಡ್ಡದಾಗುವ ಜಾಗಗಳಿದ್ದವು. ಮಹಾರಾಜರ ಕಾಲದಿಂದ ಅಮೃತಮಹಲ್ ದನಗಳು ಮೇಯಲೆಂದು ಬಿಟ್ಟಿದ್ದ ನೆಲ. ಒಂದು ಕಡೆ ಬುಡದಲ್ಲಿ ಕಾವಲಮ್ಮ ದೇವರ ಕಲ್ಲಿದ್ದ ಬೋಳು ಗುಡ್ಡ, ಇನ್ನೊಂದು ಕಡೆ ಕೆರೆಯ ಏರಿ, ನಡುವೆ ಕಣ್ಣು ಹಾಯುವಷ್ಟೂ ಹುಲ್ಲು. ನೆಲ ಚಪ್ಪಟೆಯಾಗಿರಲಿಲ್ಲ, ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತಿತ್ತು. ಏರಿನಲ್ಲಿ ನಿಂತರೆ ಮೋಡದ ನೆರಳು ಹುಲ್ಲಿನ ಮೇಲೆ ನಮ್ಮ ಕಡೆಗೇ ಓಡಿಬರುವುದು ಕಾಣುತ್ತಿತ್ತು. ಅದು ನಮ್ಮನ್ನು ದಾಟುವಾಗ ಒಂದು ಕ್ಷಣ ಮೈ ತಣ್ಣಗಾಗುತ್ತಿತ್ತು. ಕರಡದ ಹುಲ್ಲು ನನ್ನ ಸೊಂಟದವರೆಗೆ ಬರುತ್ತಿತ್ತು. ತಗ್ಗಿನಲ್ಲಿ ಗರಿಕೆ, ಕಲ್ಲು ನೆಲದ ಮೇಲೆ ಹಿಸುಕಿದರೆ ನಿಂಬೆಯ ಪರಿಮಳ ಬರುವ ಒಂದು ಹುಲ್ಲು. ದೀಪಾವಳಿಯ ಹೊತ್ತಿಗೆ ಹುಲ್ಲಿನ ಊಬು ಲಂಗಕ್ಕೆ ಅಂಟಿಕೊಂಡು ಕಾಲು ಚುಚ್ಚುತ್ತಿತ್ತು. ನೆಲಗುಬ್ಬಿ ಕಾಲಬುಡದಿಂದಲೇ ಭರ್ರನೆ ಹಾರಿ ಎದೆ ಝಲ್ಲೆನ್ನಿಸುತ್ತಿತ್ತು. ಚಳಿಗಾಲದ ಬೆಳಗ್ಗೆ ತೋಳಗಳು ಹುಲ್ಲಿನ ಅಂಚಿನಲ್ಲಿ ನಡೆದು ಹೋಗುತ್ತಿದ್ದವು, ಬಾಡಿಗೆ ಕೊಡದೆ ಇರುವ ನೆಂಟರ ಹಾಗೆ ಯಾರ ಮುಖವನ್ನೂ ನೋಡದೆ. ಬಸ್ಸಿನಲ್ಲಿ ಹೋಗುವವರಿಗೆ ಮಾತ್ರ ಇದು ಏನೂ ಇಲ್ಲದ ಬಯಲು. ನಮ್ಮ ತಾತನ ಮುಂದೆ ಯಾರಾದರೂ “ಇದೇನು ಬೆಂಗಾಡು ಸ್ವಾಮಿ” ಎಂದರೆ ಅವರಿಗೆ ಆ ದಿನ ಕಾಫಿ ಸಿಗುತ್ತಿರಲಿಲ್ಲ.

ತಾತ ಆ ಕಾವಲಿನ ಕಾವಲುಗಾರರು. ಅಪ್ಪ ಅಮ್ಮನದು ಊರೂರಿಗೆ ವರ್ಗವಾಗುವ ಮೇಷ್ಟ್ರ ಕೆಲಸ. ಹಾಗಾಗಿ ಹದಿನಾಲ್ಕು ವರ್ಷ ತುಂಬುವವರೆಗೆ ನಾನು ಬೆಳೆದದ್ದು ತಾತ, ಅಜ್ಜಿ ಮತ್ತು ಅಪ್ಪನ ತಂಗಿ ನಾಗತ್ತೆ ಇದ್ದ ಆ ಮಣ್ಣಿನ ಮಾಳಿಗೆ ಮನೆಯಲ್ಲಿ. ಕಾವಲಿನ ಅಂಚಿಗೆ ಅದೊಂದೇ ಮನೆ. ಭರಣಿ ಮಳೆಯ ಹೊತ್ತಿಗೆ ತಾತ ದಿನಾ ಸಂಜೆ ಏಣಿ ಹತ್ತಿ ಮಾಳಿಗೆಯ ಮೇಲೆ ಕೂರುತ್ತಿದ್ದರು. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಎಂದು ಮಳೆಗಳನ್ನು ಮನೆಯ ಹೆಣ್ಣುಮಕ್ಕಳಂತೆ ಹೆಸರು ಹಿಡಿದು ಕರೆಯುತ್ತಿದ್ದರು. ಯಾವಳು ಬೇಗ ಬರುತ್ತಾಳೆ, ಯಾವಳು ಮುನಿಸಿಕೊಂಡು ಹೋಗುತ್ತಾಳೆ ಎಂಬುದೆಲ್ಲ ಅವರಿಗೆ ಗೊತ್ತು. ಅಜ್ಜಿ ಕೆಳಗಿನಿಂದ, “ಬಂದ್ಲೇನು ನಿಮ್ಮ ರೋಹಿಣಿ? ಬರದಿದ್ರೆ ಇಳಿದು ಬನ್ನಿ, ಮುದ್ದೆ ಆರ್ತದೆ” ಎಂದು ಕೂಗುತ್ತಿದ್ದರು. ಅಜ್ಜಿಗೆ ಮಳೆಯ ಮೇಲೂ ಕನಸಿನ ಮೇಲೂ ಶಕುನದ ಮೇಲೂ ನಂಬಿಕೆ ಕಡಿಮೆ. ಒಲೆಯ ಮೇಲಿರುವುದನ್ನು ಮಾತ್ರ ನಂಬುವ ಹೆಂಗಸು.

ನನಗೆ ಒಂಬತ್ತು ವರ್ಷವಾದಾಗ ಹಿಂಗಾರು ಕೈಕೊಟ್ಟಿತು. ಹಸ್ತ, ಚಿತ್ತೆ ಎರಡೂ ಬಾರದೆ ಹೋದವು. ಬೇಸಿಗೆಯ ಹೊತ್ತಿಗೆ ಕಾವಲಿನ ಹುಲ್ಲು ನೆಲಕ್ಕೆ ಅಂಟಿತ್ತು, ದನಗಳ ಪಕ್ಕೆಲುಬು ಎಣಿಸಬಹುದಾಗಿತ್ತು. ಹುಲ್ಲು ಸತ್ತಿಲ್ಲ, ಕೆಳಗೆ ಕಾಯುತ್ತಿದೆ ಎಂದು ತಾತ ಹೇಳುತ್ತಿದ್ದರು, ನನಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ರಸ್ತೆಯ ಆಚೆ ಬೇಲಿಗೆಂದು ಹಾಕಿದ್ದ ಬಳ್ಳಾರಿ ಜಾಲಿ ಮಾತ್ರ ಆ ಬಿಸಿಲಲ್ಲೂ ಹಸಿರಾಗಿತ್ತು, ತುಂಬ ಕಾಯಿ ಬಿಟ್ಟಿತ್ತು. ಒಂದು ಕಾಯಿ ಮುರಿದು ನೆಕ್ಕಿದೆ. ಸಿಹಿ! ಅಂದಿನಿಂದ ಸ್ಕೂಲಿಲ್ಲದ ಆ ಎರಡು ತಿಂಗಳು ದಿನಾ ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ರಸ್ತೆ ದಾಟಿ, ಲಂಗದ ಮಡಿಲು ತುಂಬ ಜಾಲಿಕಾಯಿ ತಂದು ದನಗಳಿಗೆ ಹಾಕಿದೆ. ಅವು ನನ್ನ ಕಂಡರೆ ದೂರದಿಂದಲೇ ಕತ್ತೆತ್ತಿ ಬರುತ್ತಿದ್ದವು. ಅಮೃತಮಹಲ್ ದನಗಳು ಹೊಸಬರನ್ನು ಹತ್ತಿರ ಸೇರಿಸುವ ಜಾತಿಯಲ್ಲ, ಅಂಥವು ನನ್ನ ಕೈಯಿಂದ ತಿನ್ನುತ್ತಿದ್ದವು. ಕಾವಲಿನ ದನಗಳನ್ನೆಲ್ಲ ಉಳಿಸುತ್ತಿರುವವಳು ನಾನೊಬ್ಬಳೇ ಎಂಬ ಜಂಬ ನನಗೆ. ಯಾರಿಗೂ ಹೇಳದೆ ಇಟ್ಟುಕೊಂಡ ಜಂಬ ಇನ್ನೂ ರುಚಿ.

ಆ ವರ್ಷ ಪುನರ್ವಸು ಕೊನೆಗೂ ಬಂದಳು. ಎಂಟು ದಿನಕ್ಕೆ ಹುಲ್ಲು ಚಿಗುರಿತು, ತಾತ ಹೇಳಿದ್ದು ನಿಜವಾಯಿತು. ಆದರೆ ಹತ್ತನೆಯ ದಿನ ನಾನು ತಾತನ ಹಿಂದೆ ಕಾವಲಿಗೆ ಹೋದಾಗ ಅವರು ಒಂದು ಸಗಣಿ ಕುಪ್ಪೆಯ ಮುಂದೆ ಕೂತುಬಿಟ್ಟರು. ಸಗಣಿಯ ನಡುವಿನಿಂದ ಗರಿಯಂಥ ಎಲೆಯ ಏಳೆಂಟು ಪುಟ್ಟ ಸಸಿಗಳು ಎದ್ದಿದ್ದವು. ಮುಂದಿನ ಕುಪ್ಪೆಯಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. ದನಗಳು ಎಲ್ಲೆಲ್ಲಿ ನಡೆದಿದ್ದವೋ ಅಲ್ಲೆಲ್ಲ ಜಾಲಿ ಹುಟ್ಟಿತ್ತು. ಬೀಜ ಹೊಟ್ಟೆಯೊಳಗೆ ಕರಗುವುದಿಲ್ಲ, ಗೊಬ್ಬರದ ಸಮೇತ ಹೊರಬೀಳುತ್ತದೆ ಎಂದು ಒಂಬತ್ತು ವರ್ಷದವಳಿಗೆ ಯಾರು ಹೇಳಬೇಕು? ತಾತ ಒಂದು ಸಸಿಯನ್ನು ಮೆಲ್ಲಗೆ ಎಳೆದು ನನ್ನ ಅಂಗೈ ಮೇಲೆ ಇಟ್ಟರು. ಗಿಡ ಬೆರಳುದ್ದ ಇತ್ತು, ಬೇರು ಅದಕ್ಕಿಂತ ಉದ್ದ. “ನೋಡು ಸರೂ, ಇದು ಮೇಲೆ ಬೆಳೆಯೋಕೆ ಮುಂಚೆ ಕೆಳಗೆ ಬೆಳೀತದೆ. ಹುಲ್ಲಿನ ನೀರನ್ನೆಲ್ಲ ಇದೇ ಕುಡೀತದೆ. ಐದು ವರ್ಷ ಬಿಟ್ರೆ ಇಲ್ಲಿ ದನ ನುಗ್ಗೋಕಾಗಲ್ಲ” ಎಂದರು. ನಾನು ಅಲ್ಲೇ ನಿಂತು ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ನ್ಯಾಯ ನಡೆಯಿತು. ಸುತ್ತಿನ ಹಳ್ಳಿಗಳವರೆಲ್ಲ ತಮ್ಮ ದನವನ್ನೂ ಅಲ್ಲೇ ಮೇಯಿಸುತ್ತಿದ್ದರು. ಜಾಲಿ ಮುಳ್ಳು ಗೊರಸಿಗೆ ಹೊಕ್ಕರೆ ದನ ಕುಂಟುತ್ತದೆ, ಕೀವಾಗುತ್ತದೆ. ಇದನ್ನು ಮಾಡಿದ್ದು ಕಾವಲುಗಾರರ ಮೊಮ್ಮಗಳೇ ಎಂದು ಗೊತ್ತಾದರೆ ಅವರು ಸುಮ್ಮನೆ ಬಿಡುತ್ತಾರೆಯೆ? “ಈ ಮಾತು ಹೊಸಲು ದಾಟಬಾರದು” ಎಂದರು ತಾತ. ನಾಗತ್ತೆ ತಲೆಯಾಡಿಸಿದಳು. ಅಜ್ಜಿ ಮಾತ್ರ ಮುದ್ದೆಯ ಕೋಲನ್ನು ಪಾತ್ರೆಯ ಅಂಚಿಗೆ ಕುಟ್ಟಿ, “ಮಾತು ಇರಲಿ. ನಾಳೆಯಿಂದ ಈ ಮನೇಲಿ ಬೇರು ತೋರಿಸಿದೋರಿಗೆ ಊಟ” ಎಂದರು. ಅದು ಶಾಸನವಾಯಿತು. ಹೊರಗೆ ಹೋದವರು ಯಾರೇ ಆಗಲಿ, ಬರುವಾಗ ಜಾಲಿ ಸಸಿಯನ್ನು ಬೇರು ಸಮೇತ ಕಿತ್ತು ತಂದು ಅಜ್ಜಿಗೆ ತೋರಿಸಿ, ಒಲೆಯ ಪಕ್ಕದ ಬುಟ್ಟಿಗೆ ಹಾಕಿ ತಟ್ಟೆಯ ಮುಂದೆ ಕೂರಬೇಕು. ಅರ್ಧಕ್ಕೆ ಮುರಿದ ಬೇರು ನಡೆಯುತ್ತಿರಲಿಲ್ಲ, ಅದು ನೆಲದೊಳಗೆ ಉಳಿದರೆ ಮತ್ತೆ ನಾಲ್ಕು ಕೊಂಬೆ ಚಿಗುರುತ್ತದೆ. ತಾತನಿಗೂ ವಿನಾಯಿತಿ ಇರಲಿಲ್ಲ. ಒಂದು ಸಲ ಅವರು ತುಂಡು ಬೇರು ತಂದು ಟವೆಲಿನಲ್ಲಿ ಸುತ್ತಿ ತೋರಿಸಿ ಸಿಕ್ಕಿಬಿದ್ದು, ಬಿಸಿ ಸಾರಿನ ವಾಸನೆ ಕುಡಿಯುತ್ತ ಮತ್ತೆ ಹಾರೆ ಹೆಗಲಿಗೇರಿಸಿಕೊಂಡು ಹೋದರು. ಮಳೆ ಬಿದ್ದ ಮಾರನೆಯ ದಿನ ಬೇರು ಬೆಣ್ಣೆಯಿಂದ ಕೂದಲೆಳೆದ ಹಾಗೆ ಬರುತ್ತಿತ್ತು. ಬೇಸಿಗೆಯಲ್ಲಿ ನೆಲ ಕಲ್ಲಾಗಿ ಕೈಯೆಲ್ಲ ಬೊಬ್ಬೆ. ನನ್ನ ಬೆರಳಿಗೆ ಮುಳ್ಳು ಮುರಿದರೆ ನಾಗತ್ತೆ ಎಕ್ಕದ ಹಾಲು ಬಿಟ್ಟು, ಊದುತ್ತ, “ನಿನ್ನ ದನಗಳು ಎಷ್ಟು ಚೆನ್ನಾಗಿ ತಿಂದ್ವಲ್ಲೇ ಸರೂ” ಎಂದು ರೇಗಿಸುತ್ತಿದ್ದಳು. ಆ ರೇಗಿಸುವಿಕೆಯಲ್ಲೇ ನನ್ನ ತಪ್ಪಿನ ಮುಳ್ಳೂ ಸ್ವಲ್ಪ ಸ್ವಲ್ಪವಾಗಿ ಹೊರಬರುತ್ತಿತ್ತು.

ಶಾಸನ ನೆಂಟರಿಗೂ ಅನ್ವಯಿಸುತ್ತಿತ್ತು. ಯಾಕೆ ಎಂದು ಕೇಳಿದವರಿಗೆ ನಮ್ಮ ಮನೆಯ ಪದ್ಧತಿ ಎಂದಷ್ಟೇ ಉತ್ತರ. ನಾಗತ್ತೆಯನ್ನು ನೋಡಲು ತಿಪಟೂರಿನ ಕಡೆಯಿಂದ ಒಂದು ಗಂಡು ಬಂತು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕೈಗೆ ವಾಚು. ಉಪ್ಪಿಟ್ಟು ಮಾಡಿಟ್ಟುಕೊಂಡು ಅಜ್ಜಿ ನಗುತ್ತಲೇ ಅವನ ಕೈಗೆ ಗುದ್ದಲಿ ಕೊಟ್ಟರು. ಅವನು ಮನೆಯ ಹಿಂದೆ ಹೋಗಿ, ಎರಡು ನಿಮಿಷದಲ್ಲಿ ಒಂದು ಗಿಡವನ್ನು ಬುಡಕ್ಕೆ ಮುರಿದು ತಂದ. ನಾಗತ್ತೆ ಕೋಣೆಯ ಬಾಗಿಲ ಮರೆಯಿಂದ ಅದನ್ನು ನೋಡಿದವಳೇ, “ಅಮ್ಮಾ, ಅವರಿಗೆ ಉಪ್ಪಿಟ್ಟು ಕೊಟ್ಟು ಕಳಿಸು, ನಾನು ಈಚೆ ಬರಲ್ಲ” ಎಂದಳು. ಮುಂದಿನ ವರ್ಷ ಬೀರೂರಿನಿಂದ ಬಂದವನು ಕಬ್ಬಿಣದ ಕೆಲಸದವನು, ಕರಿ ಮೈ, ಮಾತು ಕಡಿಮೆ. ಗುದ್ದಲಿ ಸಾಲದು ಎಂದು ಹಾರೆ ಕೇಳಿ ತೆಗೆದುಕೊಂಡ. ಒಂದು ಗಂಟೆಯಾಯಿತು, ಎರಡು ಗಂಟೆಯಾಯಿತು. ಜೊತೆಗೆ ಬಂದವರು ಬಸ್ಸು ಹೋಗುತ್ತದೆ ಎಂದು ಚಡಪಡಿಸಿದರು. ಬಸ್ಸು ಹೋಯಿತು ಕೂಡ. ಕೊನೆಗೆ ಅವನು ಮೊಳಕೈಯಷ್ಟು ದಪ್ಪದ, ತನ್ನ ಎದೆಯುದ್ದದ ಒಂದು ಬೇರನ್ನು ಸತ್ತ ಹಾವಿನಂತೆ ಎಳೆದುಕೊಂಡು ಬಂದು ಜಗಲಿಯ ಮೇಲೆ ಹಾಕಿ, ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ನಾಗತ್ತೆ ಯಾರೂ ಕರೆಯದೆಯೇ ನೀರಿನ ಚೊಂಬು ಹಿಡಿದು ಈಚೆ ಬಂದಳು. ಆ ಮದುವೆಗೆ ನಾನು ಕುಣಿದಷ್ಟು ಇನ್ಯಾವುದಕ್ಕೂ ಕುಣಿದಿಲ್ಲ. ತಪ್ಪು ನನ್ನದು, ಅದರಿಂದ ಒಳ್ಳೆಯ ಮಾವ ಸಿಕ್ಕಿದ್ದ.

ಆದರೆ ಕೆಲಸ ಮುಗಿಯಲಿಲ್ಲ. ಜಾಲಿಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದು, ಒಳ್ಳೆಯ ಮಳೆ ಬಿದ್ದಾಗ ಏಳುತ್ತದೆ. ಹದಿನಾಲ್ಕಕ್ಕೆ ನಾನು ಹಾಸ್ಟೆಲಿಗೆಂದು ತುಮಕೂರಿಗೆ ಹೊರಟ ವರ್ಷವೂ ಕೆರೆಯ ಏರಿಯ ಕಡೆ ಹೊಸ ಸಸಿಗಳು ಕಂಡಿದ್ದವು. ಮೂರು ವರ್ಷದ ಬಳಿಕ ತಾತ ತೀರಿಕೊಂಡರು. ಅಪ್ಪ ಅಜ್ಜಿಯನ್ನು ನಮ್ಮ ಮನೆಗೆ ಕರೆತಂದರು. ಬಂದ ಹೊಸದರಲ್ಲಿ ಅಜ್ಜಿ ಊಟ ಬಡಿಸುವ ಮುಂಚೆ ಅಭ್ಯಾಸಬಲದಿಂದ ನಮ್ಮ ಮುಂದೆ ಕೈ ಚಾಚಿ, ಆಮೇಲೆ ನೆನಪಾಗಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಅವರೂ ಹೋದರು. ಬೀರೂರಿನಲ್ಲಿ ನಾಗತ್ತೆಯೂ ಈಗಿಲ್ಲ. ಯಾರೂ ಹತ್ತದ ಮಾಳಿಗೆ ಒಂದು ಮಳೆಗಾಲದಲ್ಲಿ ಕುಸಿಯಿತೆಂದು ಕೇಳಿದೆ. ನಾಲ್ಕು ಜನ ದಿನಾ ಕಿತ್ತರೂ ಮುಗಿಯದ ಗಿಡವನ್ನು ಇನ್ನು ಕೀಳುವವರು ಯಾರು? ಆ ಸೀಮೆಯಲ್ಲಿ ಎಲ್ಲೆಲ್ಲೂ ಜಾಲಿಯೇ ಆಗಿದೆ ಎಂದು ಊರಿಗೆ ಹೋಗಿಬಂದವರು ಹೇಳುತ್ತಿದ್ದರು. ನಾನು ಮಾತು ಬದಲಿಸುತ್ತಿದ್ದೆ. ಸಿಂಗಾಪುರದ ಪಾಸಿರ್ ಪಂಜಾಂಗ್‌ನ ಹಡಗು ಕಂಪನಿಯ ಕಚೇರಿಯಲ್ಲಿ ದಿನವಿಡೀ ಲೋಕದ ಬಂದರುಗಳನ್ನೆಲ್ಲ ಪರದೆಯ ಮೇಲೆ ನೋಡುವವಳು ನಾನು. ಅದೊಂದು ಜಾಗವನ್ನು ಮಾತ್ರ ನೋಡಲಿಲ್ಲ.

ನೋಡಿದವಳು ನಿಧಿ. ಅವಳಿಗೆ ಕಾಲೇಜಿನಲ್ಲಿ ಜಿಯಾಗ್ರಫಿ ಪ್ರಾಜೆಕ್ಟು, ಒಂದು ಹುಲ್ಲುಗಾವಲು ಸೀಮೆಯ ಹವಾಮಾನ ಹೇಗೆ ಬದಲಾಗಿದೆ ಎಂದು. ಜೊತೆಯ ಹುಡುಗರೆಲ್ಲ ಆಫ್ರಿಕ, ಮಂಗೋಲಿಯ ಎಂದು ಆರಿಸಿಕೊಂಡರೆ ಇವಳು ನನಗೆ ಹೇಳದೆ ನನ್ನ ಬಾಲ್ಯವನ್ನು ಆರಿಸಿಕೊಂಡಿದ್ದಳು. ಕಳೆದ ಭಾನುವಾರ ಬೆಳಗ್ಗೆ ನಾನು ದೋಸೆ ಹುಯ್ಯುತ್ತಿದ್ದಾಗ ಲ್ಯಾಪ್‌ಟಾಪ್ ಹಿಡಿದುಕೊಂಡು ಅಡಿಗೆಮನೆಗೇ ಬಂದಳು. “ಅಮ್ಮಾ, ನಿನ್ನ ಪ್ಲೇಸ್ ಪಾಪ ಲಾ. ಸುತ್ತ ಎಲ್ಲಾ ಡಾರ್ಕ್ ಗ್ರೀನ್ ಇದೆ, ಇದೊಂದು ಮಾತ್ರ ಬ್ರೌನ್. ಫುಲ್ ಡೆಡ್ ಅನ್ಸತ್ತೆ.” ಸೌಟು ಕೆಳಗಿಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡೆ. ಆಕಾಶದಿಂದ ತೆಗೆದ ಬೇಸಿಗೆಯ ಚಿತ್ರ. ರಸ್ತೆಯ ಆಚೆ ಕಪ್ಪು ಹಸಿರು, ಗುಡ್ಡದ ಹಿಂದೆ ಕಪ್ಪು ಹಸಿರು, ಕೆರೆಯ ಹಿಂದೆ ಕಪ್ಪು ಹಸಿರು. ಅದು ಜಾಲಿ, ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಡುವೆ, ಗುಡ್ಡದಿಂದ ಏರಿಯವರೆಗೆ, ಮಾಗಿದ ರಾಗಿ ಹುಲ್ಲಿನ ಬಣ್ಣದಲ್ಲಿ ಹರಡಿಕೊಂಡು ನಮ್ಮ ಕಾವಲು ಬಿಸಿಲು ಕಾಯುತ್ತಿತ್ತು. ಇಡೀ! ಒಂದು ಚುಕ್ಕೆ ಹಸಿರಿಲ್ಲದೆ! “ಡೆಡ್ ಅಲ್ಲ ಕಣೇ, ಹುಲ್ಲು ಅದು, ಹುಲ್ಲು!” ಎಂದು ನಾನು ಕೂಗಿದ್ದು ಎದುರು ಬ್ಲಾಕಿಗೂ ಕೇಳಿಸಿರಬೇಕು. ದೋಸೆ ಕರಕಲಾಯಿತು. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ಗೊತ್ತಾಗದೆ ನಿಧಿಯೇ ಸ್ಟವ್ ಆರಿಸಿದಳು.

ಆಮೇಲೆ ಇಬ್ಬರೂ ಊಟದ ಮೇಜಿಗೆ ಕೂತು ವರ್ಷ ವರ್ಷದ ಚಿತ್ರಗಳನ್ನು ನೋಡಿದೆವು. ತಾತನ ಮಳೆಗಳೆಲ್ಲ ಸಾಲು ತಪ್ಪಿದ್ದವು. ರೋಹಿಣಿಯಲ್ಲಿ ಹಸಿರಾಗಬೇಕಾದ ನೆಲ ಒಂದು ವರ್ಷ ಭರಣಿಯಲ್ಲೇ ಹಸಿರಾಗಿ ಮತ್ತೆ ಒಣಗಿತ್ತು. ಇನ್ನೊಂದು ವರ್ಷ ಆಶ್ಲೇಷದವರೆಗೂ ಬೂದಿ ಬಣ್ಣ. ಮತ್ತೊಂದು ವರ್ಷ ಹಸ್ತದಲ್ಲಿ ಒಮ್ಮೆಲೇ ಸುರಿದು ಅಕ್ಕಪಕ್ಕದ ಹೊಲಗಳ ಮಣ್ಣೆಲ್ಲ ಕೆಂಪಗೆ ಕೊಚ್ಚಿಹೋಗಿತ್ತು, ಕಾವಲಿನ ಮಣ್ಣು ಮಾತ್ರ ಅಲುಗಿರಲಿಲ್ಲ. ಮಳೆ ಯಾವಾಗ ಬಂದರೂ ಹುಲ್ಲು ಎದ್ದು ನಿಂತಿತ್ತು, ಬಾರದಿದ್ದಾಗ ಕೆಳಗೆ ಕಾದಿತ್ತು. ನಾನು ಜಾಲಿಕಾಯಿಯ ಕಥೆ ಹೇಳಿದೆ. ಮಗಳಿಗೆ ಹೇಳಿದ್ದು ಅದೇ ಮೊದಲು. ಅವಳು ಪೂರ್ತಿ ಕೇಳಿ, “ಬಟ್ ನೀವೆಲ್ಲ ಬಿಟ್ಟು ಬಂದ್ರಲ್ಲ ಅಮ್ಮಾ, ಮತ್ತೆ ಯಾರು ಕಿತ್ತಿದ್ದು?” ಎಂದಳು. ನಾನು ಫೋನು ಎತ್ತಿಕೊಂಡೆ.

ನಾಗತ್ತೆಯ ಮಗ ಮಂಜುನಾಥ ಬೀರೂರಿನಲ್ಲಿ ಅಪ್ಪನ ಕಬ್ಬಿಣದ ಅಂಗಡಿ ನಡೆಸುತ್ತಾನೆ. ಹಬ್ಬಕ್ಕೊಂದು ಮೆಸೇಜು ಬಿಟ್ಟರೆ ನಮ್ಮ ನಡುವೆ ಮಾತಿಲ್ಲ. ಫೋನು ಮಾಡಿದೆ. “ಏನಕ್ಕ, ಇಷ್ಟು ದಿನದ ಮೇಲೆ ನೆನಪಾಯ್ತಾ” ಎಂದ. ಕ್ಷೇಮ ಸಮಾಚಾರವಾದ ಮೇಲೆ ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಯಾರು ಕೀಳ್ತಾರೆ ಅಂದ್ರೆ? ಎಲ್ರೂ ಕೀಳ್ತಾರೆ ಅಕ್ಕ. ಗುಡ್ಡದ ಬುಡದಾಗೆ ಕಾವಲಮ್ಮನ ಕಲ್ಲು ಐತಲ್ಲ, ಅಲ್ಲಿಗೆ ಇಡಬೇಕು. ದನ ಬಿಡೋರು ಮೊದಲ ಮಳೆಗೆ ಐದೈದು ಬೇರು ಇಡ್ತಾರೆ. ಮದುವೆ ಆದೋರು, ಹೊಸ ಗಾಡಿ ತಗೊಂಡೋರು, ಪರೀಕ್ಷೆ ಬರೆಯೋ ಹುಡುಗ್ರು, ಎಲ್ರೂ ಜಾಲಿ ಬೇರೇ ಹರಕೆ. ಮುರಿದ ಬೇರು ಅಮ್ಮನಿಗೆ ಆಗಲ್ಲ. ನಮ್ಮ ಅಜ್ಜಿ ಕಾಲದಿಂದ ನಡ್ಕೊಂಡು ಬಂದೈತೆ. ನಿಮಗೆ ಗೊತ್ತಿಲ್ವಾ? ಅಜ್ಜಿ ಕನಸಿನಾಗೆ ಅಮ್ಮ ಬಂದು, ನನ್ನ ಸೆರಗು ಮುಳ್ಳಿಗೆ ಸಿಕ್ಕೈತೆ, ಬಿಡಿಸ್ರಪ್ಪ ಅಂತ ಅತ್ಲಂತೆ. ಅಜ್ಜಿ ಆವಾಗ ಏಳು ಹಳ್ಳಿಗೂ ನಡ್ಕೊಂಡೇ ಹೋಗಿ ಹೇಳಿ ಬಂದಿದ್ರಂತೆ, ನೀವು ತುಮಕೂರಿಗೆ ಹೋದ ಮೇಲೆ.”

ನಮ್ಮ ಅಜ್ಜಿಗೆ ಕನಸು! ಕನಸು ಹೇಳಲು ಬಂದವರನ್ನು “ಹೊಟ್ಟೆ ಭಾರ ಆಗಿರಬೇಕು, ಜೀರಿಗೆ ನೀರು ಕುಡಿ” ಎಂದು ಸಾಗಹಾಕುತ್ತಿದ್ದ ಹೆಂಗಸು. ಅಂಥವರು, ಮಾತು ಹೊಸಲು ದಾಟಬಾರದು ಎಂದಾಗ ತಲೆಯಾಡಿಸದೆ ಕೂತಿದ್ದವರು, ಮಂಡಿ ನೋವಿಟ್ಟುಕೊಂಡು ಏಳು ಹಳ್ಳಿ ಸುತ್ತಿ, ದೇವರ ಬಾಯಿಗೆ ಒಂದು ಸುಳ್ಳನ್ನು ಇಟ್ಟು ಬಂದಿದ್ದರು. ನನ್ನ ಹೆಸರು ಬಾರದ ಹಾಗೆ, ಕಾವಲೂ ಉಳಿಯುವ ಹಾಗೆ. ಆಮೇಲೆ ನಮ್ಮ ಮನೆಗೆ ಬಂದು, ಬೇರಿಗೆಂದು ನನ್ನ ಮುಂದೆ ಕೈ ಚಾಚುತ್ತಿದ್ದ ದಿನಗಳಲ್ಲೂ ನನಗೆ ಹೇಳಲಿಲ್ಲ. ಈಗ ಅವರ ಕಾಲು ಹಿಡಿದುಕೊಳ್ಳೋಣವೆಂದರೆ ಕಾಲೂ ಇಲ್ಲ.

“ಅಕ್ಕ, ಲೈನಲ್ಲಿದ್ದೀರಾ?” ಎಂದ ಮಂಜು. “ಯಾರೋ ದನಕ್ಕೆ ಜಾಲಿಕಾಯಿ ತಿನ್ನಿಸಿದ್ರಂತೆ, ಅದಕ್ಕೇ ಅಮ್ಮನಿಗೆ ಸಿಟ್ಟು ಬಂದಿದ್ದು ಅಂತಾನೂ ಹಳಬ್ರು ಅಂತಾರೆ. ಯಾರು ಅಂತ ಯಾರಿಗೂ ಗೊತ್ತಿಲ್ಲ. ನಮ್ಮಮ್ಮನ್ನ ಕೇಳಿದ್ರೆ ಸುಮ್ಕೆ ನಗೋಳು.”

“ನಾನೇ ಕಣೋ ಮಂಜು,” ಎಂದೆ.

ಅವನು ನಗತೊಡಗಿದ, ಅವನಮ್ಮನ ನಗುವೇ, ಬಿಟ್ಟು ಬಿಟ್ಟು ಬರುವ ನಗು. “ಹಂಗಾರೆ ಈ ಸಲ ಬಂದಾಗ ನೀವೂ ಒಂದು ಬೇರು ಇಟ್ಟು ಕೈ ಮುಗಿದು ಹೋಗಿ ಅಕ್ಕ. ಆದ್ರೆ ಕಾವಲೊಳಗೆ ಹುಡುಕಬೇಡಿ, ಸಿಗಲ್ಲ. ನಾವೇ ಹರಕೆಗೆ ಬೇಕಂದ್ರೆ ರಸ್ತೆ ಆಚೆಯಿಂದ ಕಿತ್ಕೊಂಡು ಬರ್ತೀವಿ.”

ಬಸ್ ಸ್ಟಾಪಿಗೆ ದಾರಿ ಹೇಳುವಷ್ಟು ಸಲೀಸಾಗಿ ಅವನು ಅದನ್ನು ಹೇಳಿ, ಅಂಗಡಿಗೆ ಯಾರೋ ಬಂದರೆಂದು ಫೋನು ಇಟ್ಟ. ಕಾವಲೊಳಗೆ ಹುಡುಕಿದರೆ ಸಿಗುವುದಿಲ್ಲ. ಈ ಒಂದು ಮಾತನ್ನು ಕೇಳಿಸಿಕೊಳ್ಳಬೇಕಾಗಿದ್ದವರು ಮೂವರು. ತಾತನಾದರೆ ಏಣಿ ಹತ್ತಿ ಒಂದು ಸಲ ಸುತ್ತ ನೋಡುತ್ತಿದ್ದರು, ನಾಗತ್ತೆ ನನ್ನ ಕೆನ್ನೆ ಹಿಂಡುತ್ತಿದ್ದಳು, ಅಜ್ಜಿ ಇನ್ನೂ ನಂಬದೆ ಕಣ್ಣಾರೆ ನೋಡಲು ಹೊರಡುತ್ತಿದ್ದರು. ಗೆದ್ದವರು ಅವರು. ಗೆದ್ದ ಸುದ್ದಿ ಮಾತ್ರ ನನ್ನೊಬ್ಬಳ ಹತ್ತಿರ ಉಳಿದಿದೆ.